ಫೋನಿಗೆ ದಿನವೂ ಒಂದಿಷ್ಟು ಬಿಡುವು: ಪದೇ ಪದೇ ಕೇಳುವ ಪ್ರಶ್ನೆಗಳು

ಫೋನ್ ಬಿಟ್ಟುಬಿಡಿ ಎಂದು ಇಲ್ಲಿ ಯಾರಿಗೂ ಹೇಳುತ್ತಿಲ್ಲ. ಬ್ಯಾಂಕು, ಟಿಕೆಟ್ಟು, ಆಫೀಸು, ಮಕ್ಕಳ ಶಾಲೆ ಎಲ್ಲವೂ ಅದರೊಳಗೇ ಕೂತಿರುವಾಗ ಆ ಮಾತಿಗೆ ಅರ್ಥವಿಲ್ಲ. ದಿನದಲ್ಲಿ ಸ್ವಲ್ಪ ಹೊತ್ತು ಅದು ಕೈಗೆ ಸಿಗದ ಹಾಗೆ ಮಾಡಿಕೊಳ್ಳುವುದು ಹೇಗೆ, ಹಾಗೆ ಮಾಡಿದರೆ ನಿಜಕ್ಕೂ ಏನಾದರೂ ಸಿಗುತ್ತದಾ ಎಂಬುದಷ್ಟೇ ವಿಷಯ.

ಬಿಡುವು ಅಂದರೆ ಎಷ್ಟು ಹೊತ್ತು? ವಾರಕ್ಕೊಂದು ದಿನ ಪೂರ್ತಿ ಆಫ್ ಮಾಡಬೇಕಾ?

ಮಾಡಬಹುದು, ಆದರೆ ಅಲ್ಲಿಂದ ಶುರು ಮಾಡಬೇಡಿ. ದಿನಕ್ಕೆ ಒಂದು ಗಂಟೆ, ದಿನಾ ಅದೇ ಹೊತ್ತಿಗೆ, ಸದ್ಯಕ್ಕೆ ಇಷ್ಟು ಸಾಕು. ಬೆಳಿಗ್ಗೆ ಎದ್ದ ಮೊದಲ ಗಂಟೆ ಅಥವಾ ರಾತ್ರಿ ಮಲಗುವ ಮುಂಚಿನ ಗಂಟೆ ಆದರೆ ಮರೆತುಹೋಗುವುದಿಲ್ಲ. ಊಟದ ಹೊತ್ತನ್ನೂ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು.

ವರ್ಷಕ್ಕೊಮ್ಮೆ ಎಲ್ಲೋ ಹೋಗಿ ವಾರಗಟ್ಟಲೆ ಫೋನ್ ಮುಟ್ಟದೆ ಇದ್ದು ಬರುವವರಿದ್ದಾರೆ. ಅಲ್ಲಿರುವಷ್ಟು ದಿನ ಹಾಯಾಗಿರುತ್ತದೆ, ನಿಜ. ವಾಪಸ್ ಬಂದರೆ ಚಾರ್ಜರ್ ಹಾಸಿಗೆ ಪಕ್ಕದಲ್ಲೇ ಇರುತ್ತದೆ, ಗ್ರೂಪುಗಳು ಹಾಗೇ ಇರುತ್ತವೆ, ನೋಡನೋಡುತ್ತಲೇ ಎಲ್ಲ ಮೊದಲಿನಂತೆ. ರೂಢಿ ಬೆಳೆದದ್ದು ನಾವು ದಿನಾ ಕೂರುವ, ಮಲಗುವ ಜಾಗದಲ್ಲಿ. ಅದನ್ನು ಬದಲಿಸುವ ಕೆಲಸವೂ ಅಲ್ಲೇ ಆಗಬೇಕು. ಹಾಗಾಗಿ ಅಪರೂಪದ ದೊಡ್ಡ ವ್ರತಕ್ಕಿಂತ ದಿನಾ ಬರುವ ಸಣ್ಣ ಬಿಡುವಿನ ಮೇಲೆ ನನಗೆ ನಂಬಿಕೆ ಜಾಸ್ತಿ.

ಕೈ ತಾನಾಗೇ ಫೋನಿನ ಕಡೆ ಹೋಗುತ್ತದೆ. ನನಗೆ ಮನಸ್ಸಿನ ಹಿಡಿತವೇ ಇಲ್ಲವಾ?

ಇದೆ. ಎದುರಿಗಿರುವ ವಸ್ತುವನ್ನು ಅಷ್ಟು ಜಾಣತನದಿಂದ ತಯಾರು ಮಾಡಿದ್ದಾರೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳನ್ನು ಇಟ್ಟುಕೊಂಡು ಪ್ರಯೋಗ ಮಾಡಿದ್ದರು. ಗುಂಡಿ ಕುಕ್ಕಿದರೆ ಕಾಳು ಸಿಗುತ್ತದೆ. ಇಂತಿಷ್ಟು ಸಲ ಕುಕ್ಕಿದರೆ ಕಾಳು ಎಂದು ಲೆಕ್ಕ ಗೊತ್ತಾದ ಪಾರಿವಾಳ, ತಿಂದ ಮೇಲೆ ಸ್ವಲ್ಪ ಸುಧಾರಿಸಿಕೊಳ್ಳುತ್ತದೆ. ಯಾವ ಸಲ ಸಿಗುತ್ತದೆ ಎಂದು ಗೊತ್ತಾಗದ ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತದೆ. ಕಾಳು ಪೂರ್ತಿ ನಿಲ್ಲಿಸಿದ ಮೇಲೂ ಬಹಳ ಹೊತ್ತು ಕುಕ್ಕುತ್ತದೆ. ಚಾರ್ಲ್ಸ್ ಫರ್ಸ್ಟರ್ ಜೊತೆ ಸೇರಿ ಸ್ಕಿನ್ನರ್ ಇದನ್ನೆಲ್ಲ 1957ರಲ್ಲಿ ಪುಸ್ತಕ ಮಾಡಿದರು. ಜೂಜಿನ ಯಂತ್ರಗಳು ನಡೆಯುವುದೂ ಇದೇ ಲೆಕ್ಕದಲ್ಲಿ. ಫೋನ್ ತೆರೆದಾಗ ಒಮ್ಮೆ ಬೇಕಾದವರ ಮೆಸೇಜ್ ಇರುತ್ತದೆ, ಐದಾರು ಸಲ ಏನೂ ಇರುವುದಿಲ್ಲ, ಮತ್ತೊಮ್ಮೆ ನಕ್ಕು ಸುಸ್ತಾಗುವಂಥ ವಿಡಿಯೋ. ಆ 'ಮತ್ತೊಮ್ಮೆ' ಯಾವಾಗ ಅಂತ ಗೊತ್ತಿಲ್ಲವಲ್ಲ, ಅದಕ್ಕೇ ಕೈ ಹೋಗುವುದು.

ಇದರ ಮೇಲೆ ಇನ್ನೊಂದು. ಮೊದಲೆಲ್ಲ ಪುಟ ಮುಗಿದರೆ 'ಮುಂದಿನ ಪುಟ' ಎಂಬುದನ್ನು ಒತ್ತಬೇಕಿತ್ತು. ಒತ್ತುವ ಮುಂಚೆ ಒಂದು ಕ್ಷಣ, ಇವತ್ತಿಗೆ ಸಾಕು ಅನಿಸಲು ಅವಕಾಶವಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಕೊನೆಯೇ ಇಲ್ಲದೆ ಇಳಿಯುತ್ತಾ ಹೋಗುವ ಪುಟವನ್ನು ರೂಪಿಸಿದರು. ಅದರ ಪರಿಣಾಮ ನೋಡಿ ಆಮೇಲೆ ಅವರೇ ಬಹಿರಂಗವಾಗಿ ಬೇಸರ ಹೇಳಿಕೊಂಡಿದ್ದಾರೆ. 2009ರಲ್ಲಿ ಫೇಸ್‌ಬುಕ್‌ಗೆ ಲೈಕ್ ಬಟನ್ ಬಂತು. ಆಮೇಲೆ ವಿಡಿಯೋಗಳು ಒಂದು ಮುಗಿಯುತ್ತಲೇ ಇನ್ನೊಂದು ತಾವಾಗೇ ಓಡತೊಡಗಿದವು. ಸಾಕು ಎಂದು ನಿಲ್ಲಲು ಇದ್ದ ಜಾಗಗಳೆಲ್ಲ ಹೀಗೆ ಒಂದೊಂದಾಗಿ ಹೋದವು. ದಿನದ ಬಿಡುವು ಎಂದರೆ ಅಂಥ ಒಂದು ಜಾಗವನ್ನು ನೀವೇ ಮತ್ತೆ ಮಾಡಿಕೊಳ್ಳುವುದು.

ಅರ್ಧ ನಿಮಿಷ ನೋಡಿ ಇಟ್ಟುಬಿಡುತ್ತೇನೆ. ಅದರಲ್ಲೇನು ನಷ್ಟ?

ಅರ್ಧ ನಿಮಿಷ ಯಾರಿಗೂ ಲೆಕ್ಕಕ್ಕಿಲ್ಲ. ಪೆಟ್ಟು ಬೀಳುವುದು ಆಮೇಲೆ. ಏನೋ ಬರೆಯುತ್ತಾ ಕೂತಿದ್ದೀರಿ, ನಡುವೆ ಫೋನ್ ನೋಡಿದರೆ 'ನಾಳೆ ನಿಮ್ಮ ಹತ್ತಿರ ಸ್ವಲ್ಪ ಮಾತಾಡಬೇಕು' ಎಂದು ಮೇಲಧಿಕಾರಿಯ ಮೆಸೇಜ್. ಫೋನ್ ಕೆಳಗಿಟ್ಟಿರಿ. ಮನಸ್ಸು ಕೆಳಗಿಡುತ್ತದಾ? ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಗಮನದ ಒಂದು ಪಾಲು ಹಿಂದಿನದಕ್ಕೇ ಅಂಟಿಕೊಂಡಿರುತ್ತದೆ, ಅದರಿಂದ ಹೊಸ ಕೆಲಸ ಸೊರಗುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲೇ ತೋರಿಸಿದರು.

ಕ್ಯಾಲಿಫೋರ್ನಿಯಾದ ಗ್ಲೋರಿಯಾ ಮಾರ್ಕ್ ಎರಡು ದಶಕದಿಂದ ಜನ ಕೆಲಸ ಮಾಡುವಾಗ ಅವರ ಗಮನ ಎಲ್ಲೆಲ್ಲಿ ಹೋಗುತ್ತದೆ ಎಂದು ಅಳೆಯುತ್ತಾ ಬಂದಿದ್ದಾರೆ. 2004ರ ಸುಮಾರಿಗೆ ಜನ ಒಂದು ಸ್ಕ್ರೀನ್ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದರು. ಇತ್ತೀಚಿನ ಅಳತೆಗಳಲ್ಲಿ ಅದು 47 ಸೆಕೆಂಡಿಗೆ ಇಳಿದಿದೆ. ಅವರ ಇನ್ನೊಂದು ಗಮನಿಕೆ ನನಗೆ ಇದಕ್ಕಿಂತ ಮುಖ್ಯ ಅನಿಸುತ್ತದೆ: ಕೆಲಸಕ್ಕೆ ಬರುವ ಅಡ್ಡಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಹೊರಗಿನಿಂದ ಬಂದದ್ದಲ್ಲ, ನಾವೇ ತಂದುಕೊಂಡದ್ದು. ಯಾರೂ ಕರೆದಿರುವುದಿಲ್ಲ, ಫೋನ್ ಸದ್ದು ಮಾಡಿರುವುದಿಲ್ಲ, ಆದರೂ ಎತ್ತಿ ನೋಡುತ್ತೇವೆ.

ನೋಟಿಫಿಕೇಶನ್ ಎಲ್ಲ ಆಫ್ ಮಾಡಿದರೆ ಆಯ್ತಲ್ವಾ?

ಪೂರ್ತಿ ಆಫ್ ಮಾಡುವುದೂ ಎಲ್ಲರಿಗೂ ಆಗಿಬರುವುದಿಲ್ಲ. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಲವರಿಗೆ ನೋಟಿಫಿಕೇಶನ್‌ಗಳು ಎಂದಿನಂತೆ ಬರುತ್ತಿದ್ದವು, ಕೆಲವರಿಗೆ ದಿನಕ್ಕೆ ಮೂರು ಸಲ ಒಟ್ಟಿಗೆ ಬರುತ್ತಿದ್ದವು, ಇನ್ನು ಕೆಲವರಿಗೆ ಬರುತ್ತಲೇ ಇರಲಿಲ್ಲ. ಮೂರು ಸಲ ಒಟ್ಟಿಗೆ ಪಡೆದವರು ಹೆಚ್ಚು ನಿರಾಳವಾಗಿದ್ದರು, ಕೆಲಸವೂ ಹಿಡಿತದಲ್ಲಿದೆ ಅಂದರು. ಏನೂ ಬಾರದವರಿಗೆ ಏನೋ ತಪ್ಪಿಹೋಗುತ್ತಿದೆ ಎಂಬ ಕಳವಳ ಜಾಸ್ತಿಯಾಯಿತು.

ನನ್ನ ಸಲಹೆ ಸರಳ. ಮನುಷ್ಯರು ನಿಮಗೇ ಎಂದು ಕಳಿಸಿದ್ದು ಬರಲಿ. ಆಪ್ ತನ್ನಷ್ಟಕ್ಕೆ ಕಳಿಸುವುದೆಲ್ಲ ಹೋಗಲಿ: ರಿಯಾಯಿತಿ, 'ನಿಮಗೆ ಇಷ್ಟವಾಗಬಹುದು', ಯಾರೋ ಯಾರದೋ ಫೋಟೋಗೆ ಏನೋ ಹೇಳಿದ್ದು. ಈ ಒಂದು ವಿಂಗಡಣೆಗೆ ಅರ್ಧ ಗಂಟೆ ಕೂತರೆ ಸಾಕು. ಗದ್ದಲ ಮಾಡುವ ವಾಟ್ಸಾಪ್ ಗ್ರೂಪುಗಳನ್ನು ಬಿಟ್ಟು ಬರಲು ಸಂಕೋಚವಾದರೆ ಮ್ಯೂಟ್ ಮಾಡುವಾಗ 'ಯಾವಾಗಲೂ' ಎಂಬುದನ್ನು ಆರಿಸಿ, ಆರ್ಕೈವ್‌ಗೆ ಹಾಕಿ. ಯಾರಿಗೂ ಗೊತ್ತಾಗುವುದಿಲ್ಲ. ಐಫೋನಿನಲ್ಲಿ ನೋಟಿಫಿಕೇಶನ್‌ಗಳನ್ನು ಗೊತ್ತು ಮಾಡಿದ ಹೊತ್ತಿಗೆ ಒಟ್ಟಿಗೆ ತೋರಿಸುವ ಸೌಲಭ್ಯ 2021ರಿಂದ ಇದೆ.

ಫೋನ್ ಸೈಲೆಂಟ್ ಮಾಡಿ ಮೇಜಿನ ಮೇಲೆ ಕವುಚಿ ಇಡುತ್ತೇನೆ. ಸಾಲದಾ?

ಸಾಲದು. ಇನ್ನೊಂದು ಕೋಣೆಯಲ್ಲಿಡಿ.

ಟೆಕ್ಸಸ್ ವಿಶ್ವವಿದ್ಯಾಲಯದ ಏಡ್ರಿಯನ್ ವಾರ್ಡ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರು ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟಿದ್ದರು, ಕೆಲವರು ಜೇಬಿನಲ್ಲಿ ಅಥವಾ ಬ್ಯಾಗಿನಲ್ಲಿ, ಕೆಲವರು ಬೇರೆ ಕೋಣೆಯಲ್ಲಿ. ಯಾರ ಫೋನೂ ಸದ್ದು ಮಾಡುತ್ತಿರಲಿಲ್ಲ. ಆದರೂ ಗಮನ ಬೇಡುವ ಪರೀಕ್ಷೆಗಳಲ್ಲಿ ಬೇರೆ ಕೋಣೆಯಲ್ಲಿಟ್ಟವರು ಮೇಜಿನ ಮೇಲಿಟ್ಟವರಿಗಿಂತ ಚೆನ್ನಾಗಿ ಮಾಡಿದರು. ಆಮೇಲೆ ಬೇರೆಯವರು ಇದೇ ಪ್ರಯೋಗ ಮಾಡಿದಾಗ ಪ್ರತಿ ಸಲವೂ ಇದೇ ಫಲ ಬಂದಿಲ್ಲ ಎಂಬುದನ್ನೂ ಹೇಳಬೇಕು. ಹಾಗಿದ್ದರೂ ನಾನು ಬೇರೆ ಕೋಣೆ ಎಂದೇ ಹೇಳುತ್ತೇನೆ. ಎದ್ದು ಹೋಗಬೇಕಾದರೆ ಮೈ ಆಲಸ್ಯ ಮಾಡುತ್ತದೆ, ಆ ಆಲಸ್ಯ ಈ ಒಂದು ವಿಷಯದಲ್ಲಿ ನಮ್ಮ ಪರ. ದಿನಾ ಫೋನ್ ನೋಡಬಾರದು ಎಂದು ಮನಸ್ಸಿನ ಜೊತೆ ಗುದ್ದಾಡುವುದಕ್ಕಿಂತ ಒಂದು ಸಲ ಚಾರ್ಜರ್ ಜಾಗ ಬದಲಿಸುವುದು ಸುಲಭ.

ಆ ಹೊತ್ತಿಗೇ ತುರ್ತು ಕರೆ ಬಂದರೆ?

ಡು ನಾಟ್ ಡಿಸ್ಟರ್ಬ್ ಹಾಕಿ, ಮನೆಯವರ ಮತ್ತು ತೀರಾ ಹತ್ತಿರದವರ ಕರೆಗಳಿಗೆ ಮಾತ್ರ ಒಪ್ಪಿಗೆ ಕೊಡಿ. ರಿಂಗ್ ಜೋರಾಗಿರಲಿ, ಇನ್ನೊಂದು ಕೋಣೆಯಿಂದಲೂ ಕೇಳಿಸಬೇಕು. ಪಟ್ಟಿಯಲ್ಲಿಲ್ಲದವರಿಗೂ ದಾರಿ ಇದೆ. ಒಬ್ಬರೇ ಬೆನ್ನುಬೆನ್ನಿಗೆ ಎರಡು ಸಲ ಕರೆ ಮಾಡಿದರೆ ರಿಂಗ್ ಆಗಲಿ ಎಂಬ ಆಯ್ಕೆ ಅಲ್ಲೇ ಸಿಗುತ್ತದೆ. ಐಫೋನಿನಲ್ಲಿ ಎರಡನೆಯ ಕರೆ 3 ನಿಮಿಷದೊಳಗೆ ಬರಬೇಕು, ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ. ನಿಜವಾಗಿ ತುರ್ತಿದ್ದವರು ಎರಡು ಸಲ ಮಾಡೇ ಮಾಡುತ್ತಾರೆ.

ಆಸ್ಪತ್ರೆಯಲ್ಲಿ ಯಾರಾದರೂ ಇದ್ದಾಗ, ಯಾರೋ ರಾತ್ರಿ ಪ್ರಯಾಣದಲ್ಲಿದ್ದಾಗ ಈ ಬಿಡುವಿನ ಗೋಜಿಗೇ ಹೋಗಬೇಡಿ. ಸುಮ್ನೆ ಫೋನ್ ಹತ್ತಿರ ಇಟ್ಟುಕೊಳ್ಳಿ.

ಆಫೀಸಿನವರು ರಾತ್ರಿ ಹತ್ತಕ್ಕೂ ಮೆಸೇಜ್ ಮಾಡುತ್ತಾರೆ. ನಾನೊಬ್ಬ ನೋಡದೆ ಇದ್ದರೆ ಆಗುತ್ತದಾ?

ಇದು ಒಬ್ಬರ ಶಿಸ್ತಿನಿಂದ ಬಗೆಹರಿಯುವ ವಿಷಯ ಅಲ್ಲ, ಅದನ್ನು ಮೊದಲು ಒಪ್ಪಿಕೊಳ್ಳೋಣ. ಫ್ರಾನ್ಸ್‌ನಲ್ಲಿ 2017ರ ಜನವರಿಯಿಂದ ಇದಕ್ಕೆ ಕಾನೂನೇ ಇದೆ. ಕೆಲಸದ ಹೊತ್ತು ಮುಗಿದ ಮೇಲೆ ಫೋನು, ಮೇಲ್‌ಗಳಿಂದ ದೂರ ಇರುವ ಹಕ್ಕಿನ ಬಗ್ಗೆ ದೊಡ್ಡ ಸಂಸ್ಥೆಗಳು ನೌಕರರ ಜೊತೆ ಕೂತು ಮಾತಾಡಲೇಬೇಕು. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಲ್ಲಿ ಇಂಥದ್ದೇ ಹಕ್ಕು ಜಾರಿಗೆ ಬಂತು. ಸರ್ಕಾರಗಳೇ ಕಾನೂನು ಮಾಡಬೇಕಾಗಿ ಬಂದಿದೆ ಅಂದರೆ ತಪ್ಪು ನಿಮ್ಮೊಬ್ಬರದೇ ಅಲ್ಲ ತಾನೇ?

ಕಾನೂನಿಲ್ಲದ ಕಡೆ ಮಾಡಬಹುದಾದದ್ದು ಸ್ವಲ್ಪವೇ. 'ಒಂಬತ್ತರ ಮೇಲೆ ಮೆಸೇಜ್ ನೋಡುವುದಿಲ್ಲ, ತುರ್ತಿದ್ದರೆ ಕರೆ ಮಾಡಿ' ಎಂದು ಮೊದಲೇ, ಜಗಳದ ದನಿಯಿಲ್ಲದೆ ಹೇಳಿಡಿ. ಮೆಸೇಜ್ ಹಾಕುವಷ್ಟು ಸಲೀಸಾಗಿ ಯಾರೂ ಕರೆ ಮಾಡುವುದಿಲ್ಲ. ಬಹುಪಾಲು ವಿಷಯಗಳು ಬೆಳಗಿನವರೆಗೆ ಕಾಯುತ್ತವೆ. ನೀವೇ ತಂಡದ ಹಿರಿಯರಾಗಿದ್ದರೆ ಇನ್ನೊಂದು ಮಾತು: ರಾತ್ರಿ ಹೊಳೆದದ್ದನ್ನು ರಾತ್ರಿಯೇ ಬರೆಯಿರಿ, ಆದರೆ ಬೆಳಿಗ್ಗೆ ಹೋಗುವಂತೆ ಶೆಡ್ಯೂಲ್ ಮಾಡಿ. 'ಅರ್ಜೆಂಟ್ ಇಲ್ಲ, ನಾಳೆ ನೋಡಿ' ಎಂದು ರಾತ್ರಿ ಹತ್ತಕ್ಕೆ ಕಳಿಸಿದರೂ ಓದುವವರ ನಿದ್ದೆ ಹೋಗಿರುತ್ತದೆ.

ರಾತ್ರಿ ಫೋನ್ ನೋಡಿದರೆ ನಿದ್ದೆ ಕೆಡುವುದು ನೀಲಿ ಬೆಳಕಿನಿಂದಲಾ?

ಸ್ವಲ್ಪ ಮಟ್ಟಿಗೆ. ಬೆಳಕು ಕಣ್ಣಿಗೆ ಬಿದ್ದರೆ ನಿದ್ದೆಗೆ ಸಿದ್ಧ ಮಾಡುವ ಮೆಲಟೋನಿನ್ ಎಂಬ ಹಾರ್ಮೋನು ತಡವಾಗಿ ಏರುತ್ತದೆ. 2015ರಲ್ಲಿ ಬಂದ ಒಂದು ಹೆಸರಾದ ಅಧ್ಯಯನದಲ್ಲಿ 12 ಜನರಿಗೆ ಕೆಲವು ರಾತ್ರಿ ಬೆಳಗುವ ಸ್ಕ್ರೀನಿನಲ್ಲೂ ಕೆಲವು ರಾತ್ರಿ ಕಾಗದದ ಪುಸ್ತಕದಲ್ಲೂ ನಾಲ್ಕು ನಾಲ್ಕು ಗಂಟೆ ಓದಲು ಹೇಳಿದ್ದರು. ಸ್ಕ್ರೀನ್ ಓದಿದ ರಾತ್ರಿ ನಿದ್ದೆ ಬರಲು ಸುಮಾರು 10 ನಿಮಿಷ ಹೆಚ್ಚು ಹಿಡಿಯಿತು.

ನಾಲ್ಕು ಗಂಟೆ ಓದಿದ್ದಕ್ಕೆ ಹತ್ತು ನಿಮಿಷ. ಹಾಗಾಗಿ ಹಳದಿ ಬಣ್ಣದ ನೈಟ್ ಮೋಡ್ ಹಾಕಿಕೊಂಡು ರಾತ್ರಿ ಒಂದರವರೆಗೆ ರೀಲ್ಸ್ ನೋಡುವವರಿಗೆ ಆ ಮೋಡ್‌ನಿಂದ ಹೆಚ್ಚೇನೂ ಉಪಕಾರವಿಲ್ಲ. ನಿದ್ದೆ ತಿನ್ನುವುದು ಮುಖ್ಯವಾಗಿ ಎರಡು: ಮಲಗುವ ಹೊತ್ತನ್ನೇ ಮುಂದೆ ತಳ್ಳುವುದು, ಮತ್ತೆ ಓದಿದ ಸುದ್ದಿ ತಲೆಯಲ್ಲಿ ಸುತ್ತುವುದು. ಅಲಾರಂಗೆ ಫೋನ್ ಬೇಕು ಎಂಬುದು ಎಲ್ಲರೂ ಕೊಡುವ ಕಾರಣ. ಒಂದು ಸಾದಾ ಅಲಾರಂ ಗಡಿಯಾರ ತಂದಿಟ್ಟರೆ ಆ ಕಾರಣವೂ ಹೋಯಿತು.

ಕಣ್ಣು ಉರಿಯುತ್ತದೆ. ಅದಕ್ಕೇನು ಬಿಡುವು?

20-20-20. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ಏನನ್ನಾದರೂ 20 ಸೆಕೆಂಡ್ ನೋಡುವುದು. ಸ್ಕ್ರೀನ್ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆ, ಕಣ್ಣು ಒಣಗುವುದು ಅದಕ್ಕೇ. ಬೇಕೆಂದೇ ನಾಲ್ಕು ಸಲ ರೆಪ್ಪೆ ಬಡಿಯಿರಿ.

ಡೋಪಮೈನ್ ಉಪವಾಸ ಅಂತಾರಲ್ಲ, ಅದು ಮಾಡಿದರೆ ಮಿದುಳು ರೀಸೆಟ್ ಆಗುತ್ತದಾ?

ಇಲ್ಲ. ಖುಷಿ ಕೊಡುವುದನ್ನೆಲ್ಲ ಸ್ವಲ್ಪ ಕಾಲ ಬಿಟ್ಟಿರುವುದಕ್ಕೆ ಆ ಹೆಸರು. ಆದರೆ ಡೋಪಮೈನ್ ಎಂಬ ರಾಸಾಯನಿಕ ಮಿದುಳಿನಲ್ಲಿ ಸದಾ ಕೆಲಸ ಮಾಡುತ್ತಲೇ ಇರುತ್ತದೆ, ಕೈಕಾಲು ಆಡಿಸುವುದಕ್ಕೂ ಅದು ಬೇಕು. ಅದನ್ನು ಉಪವಾಸ ಕೆಡವಲು ಬರುವುದಿಲ್ಲ. 2019ರಲ್ಲಿ ಈ ಹೆಸರನ್ನು ಜನಪ್ರಿಯ ಮಾಡಿದ ಮನಶ್ಶಾಸ್ತ್ರಜ್ಞ ಕ್ಯಾಮರಾನ್ ಸೆಪಾ ಕೂಡ ಹೆಸರನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ ಎಂದೇ ಹೇಳಿದ್ದರು. ಜನ ಅದನ್ನು ಯಾರ ಜೊತೆಗೂ ಮಾತಾಡದೆ, ಏನೂ ತಿನ್ನದೆ ಕೂರುವ ಮಟ್ಟಕ್ಕೆ ಎಳೆದುಕೊಂಡು ಹೋದರು. ಫೋನ್ ಕೆಳಗಿಟ್ಟು ಸ್ನೇಹಿತರ ಜೊತೆ ಹರಟೆ ಹೊಡೆಯುವುದೂ ಬಿಡುವೇ. ಖುಷಿಯಾದರೆ ನಿಯಮ ಮುರಿದಂತಾಗುವುದಿಲ್ಲ.

ಸರಿ, ಫೋನ್ ಇಟ್ಟೆ. ಈಗ ಆ ಒಂದು ಗಂಟೆ ಏನು ಮಾಡುವುದು?

ಜನ ಸೋಲುವುದು ಇಲ್ಲೇ. ಫೋನ್ ತೆಗೆದ ಜಾಗದಲ್ಲಿ ಏನೂ ಇಲ್ಲದಿದ್ದರೆ ಮೊದಲು ಬಂದು ಕೂರುವುದು ಬೇಸರ. ಬೇಸರಕ್ಕೆ ನಾವು ಎಷ್ಟು ಹೆದರುತ್ತೇವೆ ಎಂಬುದಕ್ಕೆ ಒಂದು ವಿಚಿತ್ರ ಪ್ರಯೋಗವಿದೆ. ವರ್ಜೀನಿಯಾ ವಿಶ್ವವಿದ್ಯಾಲಯದ ಟಿಮೊತಿ ವಿಲ್ಸನ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ್ದು. ಖಾಲಿ ಕೋಣೆಯಲ್ಲಿ 15 ನಿಮಿಷ ಸುಮ್ಮನೆ ಯೋಚಿಸುತ್ತಾ ಕೂರಿ ಎಂದರು. ಬೇಕಿದ್ದರೆ ಒತ್ತಿಕೊಳ್ಳಿ ಎಂದು ಒಂದು ಗುಂಡಿ ಕೊಟ್ಟರು. ಒತ್ತಿದರೆ ಸಣ್ಣದಾಗಿ ಶಾಕ್ ಹೊಡೆಯುತ್ತದೆ. ಅದು ಹೇಗಿರುತ್ತದೆ ಎಂದು ಮೊದಲೇ ಅನುಭವಿಸಿ, ದುಡ್ಡು ಕೊಟ್ಟಾದರೂ ತಪ್ಪಿಸಿಕೊಳ್ಳುತ್ತೇವೆ ಎಂದಿದ್ದವರು ಅವರು. ಆದರೂ 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ ಒಂದು ಸಲವಾದರೂ ಗುಂಡಿ ಒತ್ತಿಕೊಂಡರು! ಸುಮ್ಮನೆ ಕೂರುವುದಕ್ಕಿಂತ ಶಾಕ್ ವಾಸಿ ಅನಿಸಿರಬೇಕು.

ಹಾಗಾಗಿ ಬಿಡುವಿನ ಹೊತ್ತಿಗೆ ಕೈಗೆ ಸಿಗುವಂತೆ ಏನಾದರೂ ಇಟ್ಟುಕೊಳ್ಳಿ. ಅರ್ಧ ಓದಿದ ಪುಸ್ತಕ, ರಿಪೇರಿಗೆ ಕಾದಿರುವ ಏನೋ ಒಂದು, ನಡೆದು ಬರಲು ಚಪ್ಪಲಿ ಬಾಗಿಲ ಬಳಿ. ಕೈಗೆ ಕೆಲಸ ಕೊಡುವಂಥದ್ದು ಶುರುವಿನಲ್ಲಿ ಹೆಚ್ಚು ನೆರವಿಗೆ ಬರುತ್ತದೆ, ಯಾಕೆಂದರೆ ತಡಕಾಡುವುದು ಕೈಯೇ. ಮೊದಲ ಹತ್ತು ಹದಿನೈದು ನಿಮಿಷ ಕಿರಿಕಿರಿ ಇರುತ್ತದೆ, ಆಮೇಲೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಏನೋ ಹುಡುಕಬೇಕು, ಯಾರಿಗೋ ಉತ್ತರಿಸಬೇಕು ಎಂದು ನೆನಪಾಗುತ್ತಲೇ ಇರುತ್ತದೆ. ಒಂದು ಚೀಟಿಯಲ್ಲಿ ಬರೆದಿಡಿ. ಗಂಟೆ ಮುಗಿದ ಮೇಲೆ ನೋಡಿದರೆ ಅದರಲ್ಲಿ ಅರ್ಧಕ್ಕರ್ಧ ಬೇಕಿಲ್ಲದ್ದೇ ಆಗಿರುತ್ತದೆ.

ಆ ಗಂಟೆಯಲ್ಲಿ ಹೊಸ ಭಾಷೆ ಕಲಿಯುತ್ತೇನೆ, ದೇಹ ಹುರಿಗೊಳಿಸುತ್ತೇನೆ ಎಂದು ಹೊರಡಬೇಡಿ. ಬಿಡುವಿಗೂ ಒಂದು ಗುರಿ ಕಟ್ಟಿದರೆ ಅದೂ ಇನ್ನೊಂದು ಬಾಕಿ ಕೆಲಸವಾಗುತ್ತದೆ. ಕಿಟಕಿಯ ಹೊರಗೆ ನೋಡುತ್ತಾ ಕೂತರೂ ಆಯಿತು. ಫೋನ್ ಇಟ್ಟು ಟಿವಿ ಹಾಕಿದರೆ ಲೆಕ್ಕಕ್ಕಿದೆಯಾ ಎಂದು ಕೇಳುವವರಿದ್ದಾರೆ. ಎಲ್ಲರೂ ಕೂತು ಒಂದು ಸಿನಿಮಾ ನೋಡಿದರೆ ನನ್ನ ಮಟ್ಟಿಗೆ ಅಡ್ಡಿಯಿಲ್ಲ. ಒಬ್ಬರೇ ಕೂತು ಚಾನೆಲ್ ಬದಲಿಸುತ್ತಿದ್ದರೆ ಅದು ಬೆರಳಿನ ಬದಲು ರಿಮೋಟು, ಅಷ್ಟೇ.

ಟೈಮ್ ಲಿಮಿಟ್ ಹಾಕುವ ಆಪ್‌ಗಳು ಉಪಯೋಗಕ್ಕೆ ಬರುತ್ತವಾ?

ಎಷ್ಟು ಹೊತ್ತು ಹೋಗುತ್ತಿದೆ ಎಂದು ತಿಳಿಯಲು ಬರುತ್ತವೆ. ಆ್ಯಪಲ್ ಮತ್ತು ಗೂಗಲ್ ಎರಡೂ 2018ರಲ್ಲಿ ಇದನ್ನು ಫೋನಿನೊಳಗೇ ಕೊಟ್ಟವು: ಐಫೋನಿನಲ್ಲಿ ಸ್ಕ್ರೀನ್ ಟೈಮ್, ಆಂಡ್ರಾಯ್ಡ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್. ಆದರೆ ಲಿಮಿಟ್ ಮುಗಿದಾಗ 'ಇನ್ನೂ 15 ನಿಮಿಷ' ಎಂಬ ಬಟನ್ ಅಲ್ಲೇ ಇದ್ದರೆ ಒತ್ತದೆ ಬಿಡುವವರು ಯಾರು? ಪಾಸ್‌ಕೋಡ್ ಅನ್ನು ಮನೆಯಲ್ಲಿ ಬೇರೆಯವರಿಂದ ಹಾಕಿಸಿದರೆ ಸ್ವಲ್ಪ ಗಟ್ಟಿ.

ಲಿಮಿಟ್‌ಗಿಂತ ಆಕರ್ಷಣೆ ಕಡಿಮೆ ಮಾಡುವ ಬದಲಾವಣೆಗಳು ನನಗೆ ಹೆಚ್ಚು ಇಷ್ಟ. ಸ್ಕ್ರೀನ್ ಅನ್ನು ಕಪ್ಪುಬಿಳುಪು ಮಾಡುವುದು ಒಂದು. ಯೂಟ್ಯೂಬ್‌ನಲ್ಲಿ ವಾಚ್ ಹಿಸ್ಟರಿ ಅಳಿಸಿ ಆಫ್ ಮಾಡುವುದು ಇನ್ನೊಂದು. 2023ರಿಂದ ಹೀಗೆ ಮಾಡಿದವರಿಗೆ ಮುಖಪುಟದಲ್ಲಿ ವಿಡಿಯೋಗಳ ಸಾಲು ಬರುವುದಿಲ್ಲ, ಹುಡುಕಿದ್ದು ಮಾತ್ರ ಸಿಗುತ್ತದೆ. ಬೇಕಾದದ್ದು ಹುಡುಕಲು ಹೋಗಿ ಬೇಡದ್ದರಲ್ಲಿ ಕಳೆದುಹೋಗುವವರಿಗೆ ಇದಕ್ಕಿಂತ ಒಳ್ಳೆಯ ಸೆಟ್ಟಿಂಗ್ ನಾನು ಕಂಡಿಲ್ಲ.

ಕೀಪ್ಯಾಡ್ ಫೋನ್‌ಗೆ ಹೋದರೆ?

ಎರಡನೆಯ ಫೋನ್ ಆಗಿ ಚೆನ್ನ. ಸಂಜೆ, ರಜಾದಿನ ಅದನ್ನಷ್ಟೇ ಹಿಡಿದುಕೊಂಡು ಹೊರಗೆ ಹೋಗಬಹುದು. ಅದೊಂದನ್ನೇ ಇಟ್ಟುಕೊಂಡರೆ ಓಟಿಪಿ, ಪೇಮೆಂಟು, ಮ್ಯಾಪು ಎಲ್ಲದಕ್ಕೂ ಪಕ್ಕದವರನ್ನು ಕೇಳಬೇಕಾಗುತ್ತದೆ.

ಮಕ್ಕಳಿಗೆ ಎಷ್ಟು?

ಐದು ವರ್ಷದೊಳಗಿನವರಿಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಸ್ಪಷ್ಟವಾಗಿದೆ. ಎರಡು ವರ್ಷದೊಳಗಿನ ಕೂಸುಗಳಿಗೆ ಸ್ಕ್ರೀನ್ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು.

ದೊಡ್ಡ ಮಕ್ಕಳಿಗೆ ಗಂಟೆಯ ಲೆಕ್ಕಕ್ಕಿಂತ ಜಾಗದ ನಿಯಮ ನಡೆಯುತ್ತದೆ. ಊಟದ ಜಾಗಕ್ಕೂ ಮಲಗುವ ಕೋಣೆಗೂ ಯಾರ ಫೋನೂ ಬರುವಂತಿಲ್ಲ ಎಂದಿಡಿ. 'ಯಾರ' ಎಂಬುದರಲ್ಲಿ ಅಪ್ಪ ಅಮ್ಮನೂ ಸೇರಬೇಕು. ಆಫೀಸಿನ ಮೇಲ್ ನೋಡುತ್ತಿದ್ದೇನೆ ಎಂಬ ಸಬೂಬನ್ನು ಹದಿಮೂರರ ಮಕ್ಕಳು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಇದೆಲ್ಲ ಮಾಡಿದರೆ ನಿಜಕ್ಕೂ ಪ್ರಯೋಜನ ಆಗುತ್ತದೆ ಎಂಬುದಕ್ಕೆ ಪುರಾವೆ ಇದೆಯಾ?

ಇದೆ, ಆದರೆ ಪವಾಡದಂಥದ್ದಲ್ಲ. 2018ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರು ಕೆಲವರಿಗೆ ದುಡ್ಡು ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಿಡಿಸಿದರು. ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಿತು, ಮನಸ್ಸು ಸ್ವಲ್ಪ ಹಗುರಾಯಿತು. ಸುದ್ದಿಗಳ ಬಗ್ಗೆ ತಿಳಿವಳಿಕೆ ಕಡಿಮೆಯಾದದ್ದೂ ನಿಜ. ವಾಪಸ್ ಬಂದ ಮೇಲೆ ಅವರು ಮೊದಲಿಗಿಂತ ಕಡಿಮೆ ಬಳಸಿದರು. 2025ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 467 ಜನರನ್ನು ಸೇರಿಸಿಕೊಂಡು ಎರಡು ವಾರ ಫೋನಿನ ಇಂಟರ್ನೆಟ್ ಬಂದ್ ಮಾಡಿಸಿದರು. ಕರೆ, ಎಸ್ಸೆಮ್ಮೆಸ್ ಇತ್ತು, ಕಂಪ್ಯೂಟರಿನಲ್ಲಿ ಇಂಟರ್ನೆಟ್ ಬಳಸಬಹುದಿತ್ತು. ಗಮನ ನಿಲ್ಲಿಸುವ ಶಕ್ತಿ, ಮನಸ್ಸಿನ ಆರೋಗ್ಯ ಎರಡೂ ಸುಧಾರಿಸಿದವು. ಎರಡು ವಾರ ಪೂರ್ತಿ ನಿಯಮ ಪಾಲಿಸಲು ಬಹಳ ಜನರಿಗೆ ಆಗಲಿಲ್ಲ. ಆದರೂ ಇಷ್ಟು ಫಲ ಸಿಕ್ಕಿತು ಎಂಬುದು ನನಗೆ ಸಮಾಧಾನ ಕೊಡುವ ಭಾಗ.

ನಾಲ್ಕು ದಿನ ಮಾಡಿ ಬಿಟ್ಟುಹೋಯಿತು. ಮತ್ತೆ ಮೊದಲಿಂದ ಶುರು ಮಾಡಬೇಕಾ?

ನಾಳೆ ಅದೇ ಹೊತ್ತಿಗೆ ಇಟ್ಟರಾಯಿತು. ಎಷ್ಟು ದಿನ ಬಿಡದೆ ಮಾಡಿದೆ ಎಂದು ಎಣಿಸುವ ಆಪ್‌ಗಳಿವೆ, ಅವು ಬೇಡ. ಒಂದು ದಿನ ತಪ್ಪಿದರೆ ಎಲ್ಲ ಹೋಯಿತು ಅನಿಸುತ್ತದೆ, ಮತ್ತೆ ಆ ಲೆಕ್ಕ ನೋಡಲು ಫೋನನ್ನೇ ಎತ್ತಬೇಕು. ಪದೇ ಪದೇ ಬಿಟ್ಟುಹೋಗುತ್ತಿದ್ದರೆ ಆರಿಸಿಕೊಂಡ ಹೊತ್ತು ಸರಿಯಿಲ್ಲ ಎಂದರ್ಥ. ಬೇರೆ ಹೊತ್ತು ನೋಡಿ.

ಇದು ಬರೀ ಅಭ್ಯಾಸವೋ, ಡಾಕ್ಟರ್ ಹತ್ತಿರ ಹೋಗಬೇಕಾದ ವಿಷಯವೋ ಎಂದು ಹೇಗೆ ತಿಳಿಯುವುದು?

ಹೊತ್ತು ಎಷ್ಟು ಎಂಬುದರಿಂದ ತಿಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ, ಅಂದರೆ 2022ರಲ್ಲಿ ಜಾರಿಗೆ ಬಂದ ಐಸಿಡಿ-11ರಲ್ಲಿ, ಗೇಮಿಂಗ್ ಚಟ ಇದೆ. ಸೋಶಿಯಲ್ ಮೀಡಿಯಾ ಚಟ ಎಂಬ ಪ್ರತ್ಯೇಕ ಕಾಯಿಲೆ ಅದರಲ್ಲಿ ಇಲ್ಲ. ಗೇಮಿಂಗ್‌ಗೆ ಹೇಳಿರುವ ಗುರುತುಗಳು ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ತೊಂದರೆಯಾಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿಯುವುದು. ಸಾಮಾನ್ಯವಾಗಿ 12 ತಿಂಗಳು ಹೀಗೇ ನಡೆದಿರಬೇಕು.

ಅಷ್ಟು ಕಾಯಬೇಕೆಂದಿಲ್ಲ. ಕೆಲಸ, ಓದು, ಸಂಬಂಧ ಕೆಡುತ್ತಿದ್ದರೆ, ನಿದ್ದೆ ಊಟ ತಪ್ಪುತ್ತಿದ್ದರೆ, ಫೋನ್ ಕಸಿದುಕೊಂಡಾಗ ಮಗು ತನಗೋ ಬೇರೆಯವರಿಗೋ ಹೊಡೆದುಕೊಳ್ಳುವ ಮಟ್ಟಕ್ಕೆ ಹೋಗುತ್ತಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಎಷ್ಟೋ ಸಲ ಅಡಿಯಲ್ಲಿ ಖಿನ್ನತೆ, ಆತಂಕ, ಒಂಟಿತನ ಇರುತ್ತದೆ. ಫೋನ್ ಅದನ್ನು ಮರೆಯುವ ದಾರಿಯಾಗಿರುತ್ತದೆ. ಅಂಥವರಿಗೆ ಫೋನ್ ಬಿಡಿಸುವುದಕ್ಕಿಂತ ಮೊದಲು ಅದರ ಚಿಕಿತ್ಸೆ ಆಗಬೇಕು.